ಕರಿ, ಕಪ್ಪು ಮತ್ತು ನೇವಿ ಬ್ಲೂ

ಶುಭಕಾರ್ಯಕ್ಕೆ ಹೊರಟು ನಿಂತ ಮನುಷ್ಯ ಅಂಗಿಯ ಬಣ್ಣದ ಬಗ್ಗೆ ಮನೆಯ ಹಿರಿಯರೊಂದಿಗೆ ವಾದಕ್ಕೆ ಇಳಿಯಬಾರದು. ನಾನು ಇಳಿದೆ. ಬೀರುವಿನಲ್ಲಿ ಇಸ್ತ್ರಿಯಾಗಿದ್ದದ್ದು ಅದೊಂದೇ ಅಂಗಿ. ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿತ್ತು. ಊರಿಂದ ಬಂದಿದ್ದ ಸೋದರತ್ತೆ ನಡುಮನೆಯಲ್ಲಿ ಹೂವು ಕಟ್ಟುತ್ತಾ ಕೂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಳ್ಳೇ ಕೆಲಸಕ್ಕೆ ಕಪ್ಪಂಗೀನೇನೋ?” ಎಂದರು.

“ಇದು ಕಪ್ಪಲ್ಲ ಅತ್ತೆ, ನೇವಿ ಬ್ಲೂ.”

“ಯಾವ ನೇವಿಯೋ. ಬಿಸಿಲಿಗೆ ಹೋಗಿ ನಿಂತ್ಕೊ, ನೋಡೋಣ.”

ಅಂಗಳಕ್ಕೆ ಹೋಗಿ ನಿಂತೆ. ಅಪ್ಪಟ ನೀಲಿ. ಬೇಕಾದರೆ ಅಂಗಡಿಯ ಬಿಲ್ಲು ತೋರಿಸಲೂ ತಯಾರಿದ್ದೆ. ಗೆದ್ದವನ ಗತ್ತಿನಲ್ಲಿ ಒಳಗೆ ಬಂದರೆ ಟ್ಯೂಬ್‌ಲೈಟಿನ ಕೆಳಗೆ ಅಂಗಿ ಮತ್ತೆ ಕಪ್ಪಿಗೆ ತಿರುಗಿತು. ಅತ್ತೆ ಹೂವಿನಿಂದ ಕಣ್ಣೆತ್ತದೆ ಕೇಳಿದರು: “ಗೃಹಪ್ರವೇಶ ಅವರ ಮನೆ ಒಳಗೋ, ಹೊರಗೋ?”

ಅಂಗಿ ಬದಲಾಯಿಸಿದೆ. ಬದಲಾಯಿಸಿದ ಕೆನೆಬಣ್ಣದ ಅಂಗಿಯ ಮೇಲೆ ಊಟದ ಹೊತ್ತಿಗೆ ಹುಳಿ ಬಿತ್ತು. ಕಪ್ಪು ಬಟ್ಟೆಯ ದೊಡ್ಡ ಗುಣವೇ ಇದು, ಉಣ್ಣುವವನ ಮಾನ ಕಾಯುತ್ತದೆ ಎಂದು ಅತ್ತೆಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ. ಹೇಳದೆ ಉಳಿದ ಮಾತು ಇನ್ನೊಂದಿತ್ತು. ಅವರ ಕೊರಳಲ್ಲಿ ಎರಡೆಳೆ ಕರಿಮಣಿ. ಅದನ್ನು ಹಾಕಿಕೊಂಡೇ ಹೊಸ ಮನೆಯ ಹೊಸಿಲಿಗೆ ಅರಿಶಿನ ಹಚ್ಚಿದ್ದರು, ಹಾಲುಕ್ಕಿಸುವಾಗ ಎಲ್ಲರಿಗಿಂತ ಮುಂದೆ ನಿಂತಿದ್ದರು, ಆ ಮನೆಯ ಕೂಸಿನ ಕೆನ್ನೆಗೆ ಕಾಡಿಗೆಯಲ್ಲಿ ದೃಷ್ಟಿಬೊಟ್ಟನ್ನೂ ಇಟ್ಟಿದ್ದರು. ಸಂಜೆ ಕಾಫಿಯ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟೆ: ಒಳ್ಳೆಯ ಕೆಲಸಕ್ಕೆ ಕಪ್ಪು ಆಗದು ಅಂದರೆ, ಕೊರಳಲ್ಲಿರುವುದೇನು? ಅತ್ತೆ ನನ್ನ ದಡ್ಡತನಕ್ಕೆ ಮರುಗಿ ಹೇಳಿದರು: “ಇದು ಕರಿ ಕಣೋ. ಕಪ್ಪುಮಣಿ ಅಂತಾರೇನು ಯಾರಾದ್ರೂ?”

ಯಾರೂ ಅನ್ನುವುದಿಲ್ಲ. ಆ ರಾತ್ರಿ ನಿದ್ದೆ ಬರದೆ ಹೊರಳಾಡುತ್ತಾ ಎಣಿಸಿದೆ. ಕರಿಮಣಿ, ಕರಿಬೇವು, ಕರಿಮೆಣಸು, ಕರಿಎಳ್ಳು, ಕರಿಕಂಬಳಿ. ಮನೆಯ ಡಬ್ಬಿ, ಪೆಟ್ಟಿಗೆ, ಗೂಟಗಳಲ್ಲಿ ಇರುವುದೆಲ್ಲ ಕರಿ. ಕರಿಯಮ್ಮ, ಕರಿಯಪ್ಪ, ಕರಿಬಸಪ್ಪ ಎಂದು ದೇವರಿಗೂ ಮಕ್ಕಳಿಗೂ ಹೆಸರಿಡುವಾಗಲೂ ಕರಿ. ಕಪ್ಪು ಇರುವುದು ಪತ್ರಿಕೆಯಲ್ಲಿ: ಕಪ್ಪುಹಣ, ಕಪ್ಪುಪಟ್ಟಿ, ಕಪ್ಪುಬಾವುಟ, ಕಪ್ಪುಚುಕ್ಕೆ. ನಮ್ಮ ಜನ ಒಂದೇ ಬಣ್ಣಕ್ಕೆ ಎರಡು ಹೆಸರಿಟ್ಟು, ಮನೆಗೆಲಸವನ್ನು ಒಂದಕ್ಕೂ ಅಪಕೀರ್ತಿಯನ್ನು ಇನ್ನೊಂದಕ್ಕೂ ಹಂಚಿಕೊಟ್ಟಿದ್ದಾರೆ ಎಂಬ ಮಹಾಸಿದ್ಧಾಂತ ಹೊಳೆದು, ಅದರ ಸಂತೋಷಕ್ಕೆ ನಿದ್ದೆ ಇನ್ನಷ್ಟು ದೂರವಾಯಿತು. ಬೆಳಗಾಗುವಷ್ಟರಲ್ಲಿ ಸಿದ್ಧಾಂತ ಸೋರತೊಡಗಿತ್ತು. ಕಪ್ಪಣ್ಣ ಎಂಬ ಹೆಸರು ಇದೆಯಲ್ಲ! ಕಾಡಿಗೆಗೆ ಕಣ್ಕಪ್ಪು ಎನ್ನುತ್ತಾರಲ್ಲ! ಆ ಕಡೆಯಿಂದ ಕರಿನೆರಳು ಬಂತು, ಕರಿನೀರಿನ ಶಿಕ್ಷೆ ಬಂತು, ಆಡಿದ ಕೆಟ್ಟ ಮಾತೆಲ್ಲ ನಿಜವಾಗುವ ಕರಿನಾಲಿಗೆಯವರು ಬಂದರು. ಸಿದ್ಧಾಂತ ಕಟ್ಟುವವನು ನಿಘಂಟಿನಿಂದ ದೂರವಿರಬೇಕು. ಆದರೂ ಇದನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ಸೋರುವ ಮನೆಯಲ್ಲೂ ಜನ ಸಂಸಾರ ಮಾಡುತ್ತಾರೆ.

ಕರಿಬೇವಿನ ಮಾತನ್ನೇ ತೆಗೆದುಕೊಳ್ಳಿ. ಅದರಲ್ಲಿ ಕರಿ ಎಲ್ಲಿದೆ? ಹಸಿರು ಕಡ್ಡಿ, ಹಸಿರು ಎಲೆ. ಬೇವಿನ ಪಕ್ಕಕ್ಕೆ ಹಿಡಿದರೆ ಒಂದು ಮಟ್ಟ ಗಾಢ, ಅಷ್ಟೆ. ಕನ್ನಡಕ್ಕೆ ಅಷ್ಟು ಸಾಕು. ಮಳೆ ಹೊತ್ತ ಬೂದು ಮೋಡ ಕರಿಮೋಡ, ಕಡುಹಸಿರು ಎಲೆ ಕರಿಬೇವು. ಕರಿ ಎಂದರೆ ಬಣ್ಣಕ್ಕಿಂತ ಹೆಚ್ಚಾಗಿ ದಟ್ಟಣೆಯ ಅಳತೆ. ಈ ಲೆಕ್ಕದಲ್ಲಿ ನನ್ನ ಅಂಗಿಯ ವಿಷಯದಲ್ಲಿ ಅತ್ತೆಯೇ ಸರಿ, ಅಂಗಡಿಯ ಬಿಲ್ಲು ತಪ್ಪು. ಇಂಗ್ಲಿಷಿನವರಂತೂ ಈ ಎಲೆಯನ್ನು ತಮ್ಮ ‘ಕರಿ’ಯ ಎಲೆ ಮಾಡಿಕೊಂಡು ಕೈತೊಳೆದುಕೊಂಡರು. ಅವರ ಕರಿ ತಮಿಳರ ಪಲ್ಯ-ಸಾರಿನ ಕರಿಯಿಂದ ಹೋದದ್ದು, ಅದರ ಹಾದಿಯೇ ಬೇರೆ. ಕರಿಬೇವಿನ ಬಗ್ಗೆ ನನಗೊಂದು ಹಳೆಯ ಮರುಕವಿದೆ. ಸೊಪ್ಪಿನವಳು ಅದನ್ನು ಕೊಸರಾಗಿ ಚೀಲಕ್ಕೆ ತುರುಕುತ್ತಾಳೆ, ದುಡ್ಡು ಕೇಳುವುದಿಲ್ಲ. ಅದಿಲ್ಲದೆ ಒಗ್ಗರಣೆಯಿಲ್ಲ. ತಟ್ಟೆಗೆ ಬಂದ ಮೇಲೆ ಉಪ್ಪಿಟ್ಟಿನಿಂದ ಒಂದೊಂದೇ ಆಯ್ದು ಅಂಚಿಗೆ ಸಾಲಾಗಿ ಇಡುತ್ತೇವೆ. ಕೆಲಸ ಮುಗಿದ ಮೇಲೆ ಮರೆತವರನ್ನು ಬೈಯಲು ಇದೇ ಎಲೆಯನ್ನು ಬಳಸಿಕೊಳ್ಳುತ್ತೇವೆ; ಬೈಗುಳದಲ್ಲೂ ಅದಕ್ಕೆ ಸಂಬಳವಿಲ್ಲ.

ಚಿಕ್ಕಂದಿನಲ್ಲಿ ನನಗೆ ಈ ಮಾತಿನಿಂದ ಆದ ದೊಡ್ಡ ನಿರಾಸೆ ಕರಿಗಡುಬಿನದು. ಗಣೇಶನ ಹಬ್ಬಕ್ಕೆ ಮೊದಲು ಮನೆಯಲ್ಲಿ ದಿನವೂ ಕರಿಗಡುಬಿನದೇ ಮಾತು. ಕಪ್ಪಗೆ ಮಿರಿಮಿರಿ ಮಿಂಚುವ, ಯಾವ ಅಂಗಡಿಯಲ್ಲೂ ಸಿಗದ ಒಂದು ತಿಂಡಿಯನ್ನು ನಾನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದೆ. ಹಬ್ಬದ ದಿನ ಬಾಣಲೆಯಿಂದ ಎದ್ದು ಬಂದದ್ದು ಹೊಂಬಣ್ಣದ ಗಡುಬು. “ಇದು ಕರಿಗಡುಬಲ್ಲ” ಎಂದು ರಂಪ ಮಾಡಿದೆ. ಅಜ್ಜಿ ಜಾಲರಿ ಸೌಟನ್ನು ಎಣ್ಣೆಯ ಮೇಲೇ ಹಿಡಿದು, “ಎಣ್ಣೇಲಿ ಕರಿದಿದ್ದಕ್ಕೆ ಕರಿಗಡುಬು. ಕಪ್ಪಗಿರೋದೇ ಬೇಕಂದ್ರೆ ಇನ್ನೊಂದು ಗಳಿಗೆ ಬಿಡ್ತೀನಿ, ಅದೂ ಆಗುತ್ತೆ” ಎಂದರು. ಹೊರಗೆ ನಡುಮನೆಯಲ್ಲಿ ಹೆಂಗಸರು ಗಣಪನನ್ನು ಕರಿಮುಖನೆಂದು ಹಾಡುತ್ತಿದ್ದರು. ಅಲ್ಲಿ ಕರಿ ಎಂದರೆ ಆನೆ, ಅದು ಸಂಸ್ಕೃತದಿಂದ ಬಂದದ್ದು ಎಂದು ಮೇಷ್ಟರು ಹೇಳಿಕೊಟ್ಟದ್ದು ಬಹಳ ವರ್ಷಗಳ ಮೇಲೆ. ಒಂದೇ ಹಬ್ಬಕ್ಕೆ ಒಬ್ಬ ಕರಿಮುಖ, ಒಂದು ತಟ್ಟೆ ಕರಿಗಡುಬು, ಒಲೆಯ ಹಿಂದಿನ ಗೋಡೆಯ ತುಂಬ ಕರಿ. ಮೂರರ ಅರ್ಥವೂ ಬೇರೆ ಬೇರೆ ಎಂದು ಈಗ ಗೊತ್ತು. ಆಗಿನ ನನ್ನ ಪ್ರಪಂಚದಲ್ಲಿ ಮೂರೂ ಒಂದೇ ಮನೆಯವರು.

ಶಾಲೆಯ ಕರಿಹಲಗೆಯನ್ನು ಹಾಗೇ ದಾಟಿ ಹೋಗುವ ಹಾಗಿಲ್ಲ. ವರ್ಷಕ್ಕೊಮ್ಮೆ ಇದ್ದಿಲು ಕುಟ್ಟಿ, ಬೇಲಿಯ ಸೊಪ್ಪು ಅರೆದು, ಎರಡನ್ನೂ ಕಲಸಿ ಅದಕ್ಕೆ ಬಳಿಯುವ ಕೆಲಸ ದೊಡ್ಡ ಹುಡುಗರದು. ಹಲಗೆಗಿಂತ ಹೆಚ್ಚಾಗಿ ಹುಡುಗರು ಕಪ್ಪಾಗುತ್ತಿದ್ದರು. 1987ರಲ್ಲಿ ಕೇಂದ್ರ ಸರ್ಕಾರ ಶಾಲೆಗಳ ಉದ್ಧಾರಕ್ಕೆ ಹೂಡಿದ ಯೋಜನೆಯ ಹೆಸರೇ ಆಪರೇಷನ್ ಬ್ಲ್ಯಾಕ್‌ಬೋರ್ಡ್. ಈಗ ಬಹಳ ಕಡೆ ಹಲಗೆ ಹಸಿರಾಗಿದೆ, ಕೆಲವು ಕಡೆ ಬೆಳ್ಳಗೆ ಹೊಳೆಯುತ್ತದೆ. ಮೊನ್ನೆ ಮೊನ್ನೆ ನಿವೃತ್ತರಾದ ಗೆಳೆಯರೊಬ್ಬರು ಮಾತ್ರ, “ಕರಿಹಲಗೆ ಮೇಲೆ ಬರೆದು ಬರೆದು ಭುಜ ಹೋಯಿತು” ಎನ್ನುತ್ತಾರೆ. ಅವರು ಕೊನೆಯ ಹತ್ತು ಹನ್ನೆರಡು ವರ್ಷ ಬರೆದದ್ದು ಹಸಿರು ಹಲಗೆಯ ಮೇಲೆ. ಭುಜಕ್ಕೆ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ.

ಕರಿಯ ನಿಜವಾದ ಗಾತ್ರ ನನಗೆ ಗೊತ್ತಾದದ್ದು ಬ್ಯಾಂಕಿನ ಕೆಲಸ ಸಿಕ್ಕಿ ಗದಗ ಸೀಮೆಗೆ ಹೋದಾಗ. ತುಮಕೂರಿನ ಕೆಂಪುಮಣ್ಣಿನಲ್ಲಿ ಆಡಿ ಬೆಳೆದವನಿಗೆ ಅಲ್ಲಿಯ ನೆಲ ಮೊದಲ ಸಲ ನೋಡಿದಾಗ ಯಾರೋ ಊರಿಗೆ ಊರೇ ಬೆಂಕಿ ಹಾಕಿ ಆರಿಸಿದ್ದಾರೆ ಎನ್ನಿಸಿತು. ಅಲ್ಲಿಯವರು ಅದನ್ನು ಎರೆ ಎನ್ನುತ್ತಾರೆ, ಕೆಂಪುನೆಲ ಮಸಾರಿ. ಸಾಲ ಕೇಳಿ ಬಂದವರು ಅರ್ಜಿಯಲ್ಲಿ ಬರೆದದ್ದಕ್ಕಿಂತ “ಎರಿ ಹೊಲಾ ಐತ್ರಿ ಸಾಹೇಬ್ರ” ಎಂದು ಬಾಯಲ್ಲಿ ಹೇಳಿದ್ದರಲ್ಲೇ ಹೆಚ್ಚು ಜಾಮೀನಿರುತ್ತಿತ್ತು. ಹೊಲ ನೋಡಲು ಹೋದವನಿಗೆ ಮಳೆ ಸಿಕ್ಕಿದರೆ ಮುಗಿಯಿತು. ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ತಳ್ಳಲು ಇಳಿದರೆ ಚಪ್ಪಲಿಯ ಅಡಿಗೆ ಹೆಜ್ಜೆಗೊಂದು ಪದರ ಅಂಟಿ ಮನುಷ್ಯ ನೋಡನೋಡುತ್ತಾ ಎತ್ತರವಾಗುತ್ತಾನೆ. ಬೇಸಿಗೆಯಲ್ಲಿ ಇದೇ ನೆಲ ಒಣಗಿ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತದೆ. ನನ್ನದೊಂದು ಪೆನ್ನಿನ ಮುಚ್ಚಳ ಈಗಲೂ ಆ ಕಡೆಯ ಯಾವುದೋ ಹೊಲದ ಆಳದಲ್ಲಿದೆ. ಆದರೆ ಹಿಂಗಾರಿನ ಜೋಳ, ಕಡಲೆ, ಕುಸುಬೆಯನ್ನು ಚಳಿಗಾಲದಲ್ಲಿ ಹನಿ ಮಳೆಯಿಲ್ಲದೆ ಆ ನೆಲ ಬೆಳೆಯುವುದನ್ನು ನೋಡಬೇಕು. ಮಳೆಗಾಲದಲ್ಲಿ ಕುಡಿದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಬೇರಿಗೆ ಅಳೆದು ಅಳೆದು ಕೊಡುತ್ತದೆ. ಕರ್ನಾಟಕ ಎಂಬ ಹೆಸರು ಕರಿಯ ನಾಡು ಎನ್ನುವುದರಿಂದ ಬಂತೋ, ಎತ್ತರದ ನಾಡು ಎನ್ನುವುದರಿಂದ ಬಂತೋ ಎಂದು ವಿದ್ವಾಂಸರು ಬಹಳ ಕಾಲದಿಂದ ವಾದ ಮಾಡುತ್ತಿದ್ದಾರೆ. ಎರೆಯಲ್ಲಿ ಬೈಕು ತಳ್ಳಿದವನು ಯಾವ ಪಕ್ಷ ಸೇರುತ್ತಾನೆಂದು ಕೇಳಬೇಕಾಗಿಲ್ಲ.

ಆ ಊರಿನಲ್ಲೇ ಸಂಕ್ರಾಂತಿಯ ಮರುದಿನ ಕಂತು ಕಟ್ಟಲು ಬರುತ್ತೇನೆಂದಿದ್ದ ರೈತ ಬರಲಿಲ್ಲ. ಸಂತೆಯಲ್ಲಿ ಸಿಕ್ಕಾಗ ವಿಚಾರಿಸಿದರೆ, “ಅವತ್ತ ಕರಿ ಇತ್ತಲ್ರೀ ಸಾಹೇಬ್ರ” ಎಂದ. ಯಾವುದು ಕರಿ, ಏನು ಕರಿ ಎಂದು ನಾನು ಆಕಾಶ ನೋಡಿದೆ. ಹಬ್ಬದ ಮರುದಿನಕ್ಕೇ ಕರಿ ಎಂದು ಹೆಸರು. ಅಂದು ಹೊಸ ಕೆಲಸ ಹಿಡಿಯುವುದಿಲ್ಲ, ಊರಿಗೆ ಹೊರಡುವುದಿಲ್ಲ. ಹಬ್ಬದ ದಿನ ಹೋಳಿಗೆ ಉಂಡ ಎಷ್ಟೋ ಮನೆಗಳಲ್ಲಿ ಕರಿಯ ದಿನ ಖಾರದ ಅಡುಗೆ. ನಮ್ಮ ಕಡೆ ಯುಗಾದಿಯ ಮರುದಿನವನ್ನು ಹೊಸತೊಡಕು ಎನ್ನುತ್ತಾರಲ್ಲ, ಬಾಡೂಟದ ಮಟ್ಟಿಗೆ ಅದರ ದಾಯಾದಿ. ಅಶುಭದ ದಿನ ಎಂದು ಹೆಸರು ಕೊಟ್ಟು, ಆ ನೆಪದಲ್ಲಿ ಒಂದು ರಜೆಯನ್ನೂ ಒಂದು ಒಳ್ಳೆಯ ಊಟವನ್ನೂ ಗಿಟ್ಟಿಸಿಕೊಂಡ ಹಿರಿಯರ ಜಾಣತನಕ್ಕೆ ನಾನು ಅಂದೇ ಕೈಮುಗಿದೆ. ಅದೇ ಸಂಕ್ರಾಂತಿಗೆ ಮರಾಠಿ ಮನೆಗಳ ಹೆಂಗಸರು ಬೇಕೆಂದೇ ಕಪ್ಪು ಸೀರೆ ಉಟ್ಟು ಎಳ್ಳು ಬೀರುವುದನ್ನೂ ಬೆಳಗಾವಿಯಲ್ಲಿ ಕಂಡೆ. ಚಳಿಗಾಲದ ಹಬ್ಬ, ಕಪ್ಪು ಬಟ್ಟೆ ಮೈಗೆ ಬೆಚ್ಚಗೆ. ಅತ್ತೆಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದುಕೊಂಡಿದ್ದೇನೆ.

ಕಾರಹುಣ್ಣಿಮೆಯ ಕರಿ ಮತ್ತೊಂದು. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಊರ ಅಗಸಿಯಲ್ಲಿ ಅಡ್ಡಕ್ಕೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತುಗಳನ್ನು ಓಡಿಸುತ್ತಾರೆ. ಅದನ್ನು ಹರಿದುಕೊಂಡು ಮುಂದೆ ಹೋಗುವುದಕ್ಕೆ ಕರಿ ಹರಿಯುವುದು ಎಂದು ಹೆಸರು. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರು ಚೆನ್ನ, ಕೆಂದೆತ್ತು ಹರಿದರೆ ಮುಂಗಾರು ಚೆನ್ನ ಎಂದು ಊರಿನವರ ಲೆಕ್ಕ. ಬಿಳಿ, ಕೆಂಪು ಎರಡೂ ಓಡುತ್ತವೆ; ಹರಿಯುವುದು ಮಾತ್ರ ಕರಿ, ಅದೂ ನೋಡಿದರೆ ಹಸಿರು ಸೊಪ್ಪು. ನಾನು ನಿಂತಿದ್ದ ಜಾಗದಿಂದ ದೂಳು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಆದರೂ ಬ್ಯಾಂಕಿನವನು ಎಂಬ ಕಾರಣಕ್ಕೆ ಯಾವ ಎತ್ತು ಮುಂದಿತ್ತು ಎಂದು ಎರಡು ಗುಂಪಿನವರೂ ನನ್ನನ್ನೇ ಕೇಳಿದರು. ಎರಡೂ ಬೆಳೆ ಚೆನ್ನಾಗಿ ಬರಲಿ ಎಂದು ಹೇಳಿ ತಪ್ಪಿಸಿಕೊಂಡೆ. ಬಾಕಿ ವಸೂಲಿಯ ಹಿತವೂ ಅದರಲ್ಲೇ ಇತ್ತು.

ನನ್ನ ಹೆಂಡತಿ ದಕ್ಷಿಣ ಕನ್ನಡದವಳು. ಮದುವೆಯಾದ ಹೊಸದರಲ್ಲಿ ಅವಳು ಕೊಟ್ಟ ಸಾಮಾನಿನ ಚೀಟಿಯಲ್ಲಿ ‘ಒಳ್ಳೆಮೆಣಸು ಕಾಲು ಕಿಲೋ’ ಎಂದಿತ್ತು. ಅಂಗಡಿಯವನು ಚೀಟಿ ಓದಿ ಮುಖ ಗಂಟುಹಾಕಿಕೊಂಡು, “ನಮ್ಮಲ್ಲಿರೋದೆಲ್ಲಾ ಒಳ್ಳೇದೇ ಸಾರ್” ಎಂದ. ಕರಿಮೆಣಸಿಗೆ ಅವರ ಕಡೆ ಒಳ್ಳೆಮೆಣಸು ಎನ್ನುತ್ತಾರೆ, ತುಳುವಿನಲ್ಲೂ ಎಡ್ಡೆ ಮುಂಚಿ, ಅಂದರೆ ಒಳ್ಳೆಯದೇ. ಪೋರ್ಚುಗೀಸರು ಅಮೆರಿಕದಿಂದ ತಂದ ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ನುಗ್ಗುವ ಮೊದಲು ಮೆಣಸು ಎಂದರೆ ಇದೊಂದೇ ಇದ್ದದ್ದು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ಬಲದಿಂದ. ಹೊಸ ಮೆಣಸು ಬಂದ ಮೇಲೆ ಹಳೆಯದನ್ನು ಬೇರೆ ಮಾಡಿ ಹೇಳಬೇಕಲ್ಲ. ಘಟ್ಟದ ಮೇಲಿನವರು ಬಣ್ಣ ನೋಡಿದರು, ಕೆಳಗಿನವರು ಗುಣ ನೋಡಿದರು ಎನ್ನುತ್ತಾಳೆ ನನ್ನ ಹೆಂಡತಿ. ಬಳ್ಳಿಯ ಮೇಲೆ ಅದೂ ಹಸಿರೇ. ಕೊಯ್ದು ಅಂಗಳದಲ್ಲಿ ಬಿಸಿಲಿಗೆ ಹರಡಿದ ಮೇಲೆ ಸಿಪ್ಪೆ ಸುಕ್ಕಾಗಿ ಕರ್ರಗಾಗುವುದು. ಅದೇ ಕಾಳಿನ ಸಿಪ್ಪೆ ಸುಲಿದರೆ ಬಿಳಿ ಮೆಣಸು, ಬೆಲೆ ಜಾಸ್ತಿ.

ಇನ್ನು ಪತ್ರಿಕೆಯ ಕಪ್ಪು. ಕಾಮಗಾರಿ ಕಳಪೆ ಮಾಡಿದ ಗುತ್ತಿಗೆದಾರರನ್ನು ಕಪ್ಪುಪಟ್ಟಿಗೆ ಸೇರಿಸಿದರು ಎಂದು ಒಂದು ದಿನ ಬರುತ್ತದೆ. ಗುತ್ತಿಗೆದಾರರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಪ್ರತಿಭಟಿಸಿದರು ಎಂದು ಮರುದಿನ. ಕೊಟ್ಟದ್ದನ್ನೇ ಕಟ್ಟಿಕೊಂಡರು ಎಂದು ಓದಿಕೊಳ್ಳುವುದು ನನ್ನ ಖಾಸಗಿ ಸುಖ. ವಿಮಾನ ಬಿದ್ದಾಗ ಹುಡುಕುವ ಕಪ್ಪುಪೆಟ್ಟಿಗೆಯ ಬಣ್ಣ ಕಿತ್ತಳೆ, ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಎಂದು. ಇನ್ನು ಕಪ್ಪುಹಣ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದ ಮೇಲೆ ನಮ್ಮ ಕೌಂಟರಿನ ಮುಂದೆ ನಿಂತ ಸಾಲಿನಲ್ಲಿ ಅದು ಎಲ್ಲಿತ್ತೋ ನನಗೆ ಕಾಣಲಿಲ್ಲ. ಬಂದವರಲ್ಲಿ ಬಹಳ ಮಂದಿ ಗೃಹಿಣಿಯರು. ಗಂಡನಿಗೆ ಗೊತ್ತಾಗದ ಹಾಗೆ ಸಾಸಿವೆ ಡಬ್ಬಿಯಲ್ಲಿ, ಅಕ್ಕಿಯ ಡ್ರಮ್ಮಿನಲ್ಲಿ, ದೇವರ ಪಟದ ಹಿಂದೆ ಇಟ್ಟಿದ್ದ ನೋಟುಗಳು. ಕೆಲವು ಮೆಂತ್ಯದ ವಾಸನೆ, ಕೆಲವು ಇಂಗಿನ ವಾಸನೆ. ನನ್ನ ಕೈಗೆ ಬಂದ ಕಪ್ಪುಹಣದಲ್ಲಿ ಹೆಚ್ಚಿನದಕ್ಕೆ ಅರಿಶಿನ ಹತ್ತಿತ್ತು. “ಮನೆಯವರು ಬಂದು ಕೇಳಿದ್ರೆ ಹೇಳ್ಬೇಡಿ ಸಾರ್” ಎಂದವರ ಗುಟ್ಟನ್ನು ನಾನು ಇಂದಿಗೂ ಹೊರಗೆ ಬಿಟ್ಟಿಲ್ಲ.

ಕಪ್ಪುಚುಕ್ಕೆ ಎಂದರೆ ಪತ್ರಿಕೆಯವರಿಗೆ ಕಳಂಕ. ಒಂದು ದಿನ ಮಾತ್ರ ಅವರೇ ಅದನ್ನು ಬೆರಳೆತ್ತಿ ತೋರಿಸಿಕೊಳ್ಳುವವರ ಫೋಟೊವನ್ನು ಮುಖಪುಟದಲ್ಲಿ ಹಾಕುತ್ತಾರೆ. ಮತದಾನದ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾಗಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಾಗಿರುವ ಸರ್ಕಾರಿ ಕಂಪನಿ ಅದನ್ನು ತಯಾರಿಸುತ್ತದೆ. 1962ರ ಮಹಾಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದೇ ಶಾಯಿ, ಹೊರದೇಶಗಳಿಗೂ ಹೋಗುತ್ತದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚುನಾವಣೆ ಕೆಲಸಕ್ಕೆ ಹೋದಾಗಲೆಲ್ಲ ನಾನು ಆ ಪುಟ್ಟ ಸೀಸೆಯನ್ನು ಭಯಭಕ್ತಿಯಿಂದ ನೋಡಿದ್ದೇನೆ. ಹಚ್ಚುವಾಗ ಅದು ನೇರಳೆ, ಬಿಸಿಲು ಕಂಡ ಮೇಲೆ ಕಪ್ಪು. ನನ್ನ ಅಂಗಿಗೆ ತದ್ವಿರುದ್ಧ: ಅದು ಒಳಗೆ ಕಪ್ಪು, ಬಿಸಿಲಿನಲ್ಲಿ ನೀಲಿ. ಈ ವಿಜ್ಞಾನವನ್ನು ಅತ್ತೆಗೆ ವಿವರಿಸಲು ಹೋದೆ. ಅವರು ತಮ್ಮ ಎಡಗೈ ತೋರುಬೆರಳನ್ನು ನೋಡಿಕೊಂಡು, “ಹೋದ ಸಲ ಹಚ್ಚಿದ್ದು ಉಗುರಿನ ಜೊತೆ ಬೆಳೆದು ತುದಿಗೆ ಬಂದು ಬೀಳೋ ತನಕ ಇತ್ತು. ಆರಿಸಿ ಕಳಿಸಿದೋನು ಅಷ್ಟು ದಿನವೂ ಈ ಕಡೆ ತಲೆ ಹಾಕಲಿಲ್ಲ” ಎಂದರು.

ಹೆಣ್ಣು ನೋಡಿ ಬಂದವರ ಮಾತಿನಲ್ಲಿ ಈ ಬಣ್ಣಕ್ಕೆ ಎಷ್ಟು ಮೆಟ್ಟಿಲು! ಎಣ್ಣೆಗೆಂಪು, ಗೋಧಿ ಬಣ್ಣ, ಸಾದುಗಪ್ಪು, ಎಣ್ಣೆಗಪ್ಪು. ಪೇಂಟಿನ ಅಂಗಡಿಯ ಪಟ್ಟಿಯಲ್ಲೂ ಇಷ್ಟು ಸೂಕ್ಷ್ಮ ಇರುವುದಿಲ್ಲ. “ಕಪ್ಪಗಿದ್ರೂ ಲಕ್ಷಣವಾಗಿದಾಳೆ” ಎನ್ನುವ ವಾಕ್ಯದ ಆ ‘ರೂ’ ಒಂದನ್ನು ಕಿತ್ತು ಎಸೆಯಲು ಎಷ್ಟು ತಲೆಮಾರು ಬೇಕೋ! ನಮ್ಮ ಮನೆಯಲ್ಲಿ ಅದನ್ನು ಹೇಳಿಸಿಕೊಂಡವಳು ನನ್ನ ದೊಡ್ಡಕ್ಕ. ಹೇಳಿದವರ ಮನೆಗೆ ಅವಳು ಹೋಗಲಿಲ್ಲ, ಮೇಷ್ಟರೊಬ್ಬರನ್ನು ಮದುವೆಯಾಗಿ ಸುಖವಾಗಿದ್ದಾಳೆ. ಆ ‘ರೂ’ ಮಾತ್ರ ಈಗಲೂ ಅವಳ ನಾಲಿಗೆಯ ತುದಿಯಲ್ಲಿದೆ, ಮೇಷ್ಟರ ಮೇಲೆ ಪ್ರಯೋಗಿಸುತ್ತಾಳೆ: “ಓದ್ಕೊಂಡಿದ್ರೂ ಒಳ್ಳೆಯವರೇ.”

ಮುಖ ಬೆಳ್ಳಗಾಗಲಿ ಎಂದು ಕ್ರೀಮು ತರುವ ಮನೆಯಲ್ಲೇ ಕೂದಲು ಕಪ್ಪಗಾಗಲಿ ಎಂದು ಬಣ್ಣವನ್ನೂ ತರುತ್ತಾರೆ. ಮುಖಕ್ಕೂ ತಲೆಗೂ ನಡುವೆ ಒಂದು ಗೇಣು ಅಂತರವಿಲ್ಲ. ಇದನ್ನು ನಗೆಯಾಡುತ್ತಿದ್ದ ನಾನೂ ಕಿವಿಯ ಮೇಲಿನ ಬಿಳಿ ನೆತ್ತಿಯ ಕಡೆಗೆ ಹತ್ತತೊಡಗಿದಾಗ, ಯಾರಿಗೂ ಹೇಳದೆ ಬಡಾವಣೆಯ ಕ್ಷೌರದಂಗಡಿಗೆ ಹೋಗಿ ಕೂತೆ. ಹುಡುಗ ಕುತ್ತಿಗೆಗೆ ಬಟ್ಟೆ ಸುತ್ತಿ, ಕನ್ನಡಿಯ ಕೆಳಗಿನ ಡಬ್ಬಿಗಳನ್ನು ಒಂದೊಂದಾಗಿ ತೋರಿಸುತ್ತಾ ಬಂದ: ಬ್ಲ್ಯಾಕು, ಡಾರ್ಕ್ ಬ್ರೌನು, ಬರ್ಗಂಡಿ, ಕೊನೆಗೆ ನ್ಯಾಚುರಲ್ ಬ್ಲ್ಯಾಕು. ಗೊತ್ತಿದ್ದವನ ಗಾಂಭೀರ್ಯದಲ್ಲಿ, “ತೀರಾ ಕಪ್ಪು ಬೇಡಪ್ಪ, ನ್ಯಾಚುರಲ್ ಆಗಿರಲಿ” ಎಂದೆ.

ಹುಡುಗ ಕನ್ನಡಿಯಲ್ಲಿ ನನ್ನ ತಲೆಯನ್ನು ಒಮ್ಮೆ ನೋಡಿದ. “ನ್ಯಾಚುರಲ್ ಬೇಕಂದ್ರೆ ದುಡ್ಡು ಯಾಕೆ ದಂಡ ಸಾರ್, ಅದು ಆಗ್ಲೇ ಆಗಿದೆಯಲ್ಲ.”